ವೇಲ್ಸ್‌ನ ಕೋಟೆಯಲ್ಲಿ ಸಿಕ್ಕ ಪಟ್ಣ

ವಿದೇಶಕ್ಕೆ ಓದಲು ಹೋದ ನಮ್ಮ ಹುಡುಗ–ಹುಡುಗಿಯರ ಇನ್‌ಸ್ಟಾಗ್ರಾಂ ತೆರೆದು ನೋಡಿ, ಓದಿನ ಸುಳಿವೇ ಇರುವುದಿಲ್ಲ. ಬರೀ ಕೋಟೆ, ಚರ್ಚು, ಸೇತುವೆ, ಕಲ್ಲು ಹಾಸಿದ ಬೀದಿ. 2022ರ ಸೆಪ್ಟೆಂಬರ್‌ನಲ್ಲಿ ಮೈಸೂರಿನಿಂದ ಗ್ಲಾಸ್ಗೋಗೆ ಒಂದು ವರ್ಷದ ಎಂ.ಎಸ್ಸಿ. ಓದಲು ಹೋದ ನನ್ನ ಖಾತೆಯೂ ಹಾಗೇ ಇತ್ತು. ಆ ಫೋಟೊಗಳ ಹಿಂದಿನ ಲೆಕ್ಕ ಮಾತ್ರ ಯಾರಿಗೂ ಕಾಣುವುದಿಲ್ಲ. ಬ್ಯಾಂಕಿನ ಎಜುಕೇಷನ್ ಲೋನ್, ಅದರ ಮೇಲೆ ಅಪ್ಪನ ಸಹಿ, ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ಪಾರ್ಟ್‌ಟೈಂ ಕೆಲಸ. ಒಂದು ಪೌಂಡ್ ಖರ್ಚು ಮಾಡುವಾಗಲೂ ಮನಸ್ಸು ತಾನಾಗಿ ನೂರರಿಂದ ಗುಣಿಸುತ್ತದೆ.

ಅಪ್ಪ ಮೈಸೂರಿನಲ್ಲಿ ಟೂರಿಸ್ಟ್ ಕಾರು ಓಡಿಸುತ್ತಾರೆ. ಅರಮನೆ, ಜೂ, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಸಂಜೆಗೆ ಬೃಂದಾವನ. ಇಪ್ಪತ್ತೈದು ವರ್ಷದಿಂದ ಅದೇ ದಾರಿ. ಲೈಸೆನ್ಸ್ ಪಡೆದ ಗೈಡ್ ಅಲ್ಲದಿದ್ದರೂ ಕಾರಿನೊಳಗೆ ಅವರೇ ಗೈಡ್. ನಮ್ಮ ಕಡೆಯವರೆಲ್ಲ ಹೇಳುವಂತೆ ಅವರಿಗೂ ಶ್ರೀರಂಗಪಟ್ಟಣ ಎಂದರೆ ಬರೀ ‘ಪಟ್ಣ’. ಶಾಲೆಗೆ ರಜೆ ಇದ್ದಾಗ ಮುಂದಿನ ಸೀಟಿನಲ್ಲಿ ಕೂತು ಅವರ ವಿವರಣೆ ಎಷ್ಟು ಸಲ ಕೇಳಿದ್ದೇನೋ! ‘ಇಲ್ಲೇ ಸಾರ್ ಗೋಡೆ ಒಡೆದದ್ದು, ಇಲ್ಲೇ ಸಾರ್ ಟಿಪ್ಪು ಬಿದ್ದಿದ್ದು, ಆಮೇಲೆ ಎಲ್ಲಾ ಲೂಟಿ. ಎಲ್ಲಾ ಲಂಡನ್‌ಗೆ ಹೋಯ್ತು.’ ಆ ‘ಎಲ್ಲಾ’ ಎಂದರೆ ಏನೇನು, ಲಂಡನ್‌ನಲ್ಲಿ ಎಲ್ಲಿ ಎಂದು ಯಾವ ಪ್ರವಾಸಿಯೂ ಕೇಳಿದ್ದಿಲ್ಲ. ಕೇಳಿದ್ದರೂ ಅಪ್ಪನ ಹತ್ತಿರ ಉತ್ತರ ಇರಲಿಲ್ಲ.

2023ರ ಏಪ್ರಿಲ್ ರಜೆಗೆ ನಾನೂ ನನ್ನ ಫ್ಲ್ಯಾಟ್‌ಮೇಟೂ ಕೋಟೆಗಳ ಪಟ್ಟಿ ಮಾಡಿದೆವು. ಅವಳು ಮಡಿಕೇರಿಯವಳು. ಇದು ಮುಂದೆ ಮುಖ್ಯವಾಗುತ್ತದೆ, ಅದಕ್ಕೇ ಈಗಲೇ ಹೇಳಿದೆ. ಹೋಗುವವರಿಗೆ ಉಪಯೋಗವಾಗಲಿ ಎಂದು ಎರಡು ಮಾತು. 16ರಿಂದ 25 ವರ್ಷದವರ ರೈಲ್‌ಕಾರ್ಡ್ ಮಾಡಿಸಿದರೆ ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಲಂಡನ್‌ಗೆ ರಾತ್ರಿ ಬಸ್ ಹಿಡಿದರೆ ಒಂದು ರಾತ್ರಿಯ ಹಾಸ್ಟೆಲ್ ಬಾಡಿಗೆಯೂ ಉಳಿಯುತ್ತದೆ. ಕುತ್ತಿಗೆ ನೋವು ಉಚಿತ. ಊಟಕ್ಕೆ ಚಪಾತಿ, ಚಟ್ನಿಪುಡಿ ಮತ್ತು ಮಾವಿನಕಾಯಿ ಸಿಗದ ಊರಿನ ನಿಂಬೆಹಣ್ಣಿನ ಚಿತ್ರಾನ್ನ.

ಊರು ಬಿಡುವ ಮೊದಲು ಗ್ಲಾಸ್ಗೋದಲ್ಲೇ ನೋಡಬೇಕಾದ್ದು ಒಂದಿತ್ತು. ನಮ್ಮ ಅರಮನೆಯ ಕಲ್ಯಾಣ ಮಂಟಪ ನೆನಪಿದೆಯಲ್ಲ? ತಲೆಯ ಮೇಲೆ ನವಿಲುಗಳ ಬಣ್ಣದ ಗಾಜು, ಸುತ್ತ ಎತ್ತರದ ಎರಕದ ಕಬ್ಬಿಣದ ಕಂಬಗಳು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರ ಹೊತ್ತಿಗೆ ಹೊಸ ಅರಮನೆ ಮುಗಿಯಿತು. ಆ ಕಂಬಗಳನ್ನು ಎರಕ ಹೊಯ್ದು ಕಳಿಸಿದ್ದು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫಾರ್ಲೇನ್ ಕಂಪನಿಯ ಸಾರಸೆನ್ ಫೌಂಡ್ರಿ. ಫೌಂಡ್ರಿ ಈಗ ಇಲ್ಲ. ಅವರು ಮಾಡಿದ ಒಂದು ದೊಡ್ಡ ಕಾರಂಜಿ ಅಲೆಕ್ಸಾಂಡ್ರಾ ಪಾರ್ಕ್‌ನಲ್ಲಿದೆ. ಜಿಟಿಜಿಟಿ ಮಳೆಯಲ್ಲಿ ಅದರ ಕಂಬ ಮುಟ್ಟಿ ನೋಡಿದೆ. ದಸರಾ ರಜೆಯಲ್ಲಿ ಅರಮನೆಯೊಳಗೆ ಬರಿಗಾಲಲ್ಲಿ ಓಡಾಡುವಾಗ ಮುಟ್ಟಿದ ತಣ್ಣನೆಯ ಕಬ್ಬಿಣವೇ! ಮೈಸೂರು ಆರ್ಡರ್ ಕೊಟ್ಟಿತು, ದುಡ್ಡು ಕೊಟ್ಟಿತು, ಗ್ಲಾಸ್ಗೋ ಸರಕು ಕಳಿಸಿತು. ವ್ಯವಹಾರ ಸರಿಹೋಯಿತು. ಮುಂದಿನ ಒಂದು ವಾರ ನಾವು ನೋಡಿದ ವಸ್ತುಗಳಿಗೆ ಅಂಥ ರಸೀದಿ ಇರಲಿಲ್ಲ.

ಎಡಿನ್‌ಬರಾಗೆ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಬಂಡೆಯ ಮೇಲೆ ಕೂತ ಕೋಟೆ ನಿಲ್ದಾಣದಿಂದ ಹೊರಗೆ ಬಂದ ತಕ್ಷಣವೇ ಕಾಣುತ್ತದೆ. ಭಾನುವಾರ ಬಿಟ್ಟು ದಿನವೂ ಮಧ್ಯಾಹ್ನ ಸರಿಯಾಗಿ 1 ಗಂಟೆಗೆ ಅಲ್ಲೊಂದು ತೋಪು ಹಾರಿಸುತ್ತಾರೆ. ಹಿಂದೆ ಬಂದರಿನ ಹಡಗುಗಳು ಗಡಿಯಾರ ಸರಿಮಾಡಿಕೊಳ್ಳಲು ಮಾಡಿದ ಏರ್ಪಾಡು, ಈಗ ಪ್ರವಾಸಿಗರು ಕಿವಿ ಮುಚ್ಚಿಕೊಂಡು ವಿಡಿಯೊ ಮಾಡಲು. ನಾವೂ ಮಾಡಿದೆವು.

ಕೋಟೆಯೊಳಗೆ ಸ್ಕಾಟ್ಲೆಂಡಿನ ಸೈನ್ಯದ ಚರಿತ್ರೆ ಹೇಳುವ ಭಾಗವೂ ಇದೆ. ರೆಜಿಮೆಂಟ್‌ಗಳು ಎಲ್ಲೆಲ್ಲಿ ಗೆದ್ದವೋ ಆ ಊರುಗಳ ಹೆಸರನ್ನು ಗೌರವವಾಗಿ ಹೊತ್ತು ತಿರುಗುತ್ತವೆ. ಆ ಹೆಸರುಗಳ ನಡುವೆ ‘ಸೆರಿಂಗಪಟಮ್’ ಎಂದು ಓದಿದಾಗ ಎರಡು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು, ಅರೆ, ನಮ್ಮ ಪಟ್ಣ!

ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನೇ. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೈನ್ಯ ಇಂಗ್ಲಿಷರನ್ನು ಸೋಲಿಸಿದಾಗ ಸೆರೆ ಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕೊಳೆತ. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಕಟ್ಟಿದ್ದಾರೆ ಎಂದು ಕೇಳಿ ಅವನ ತಾಯಿ, ತನ್ನ ಮಗನ ಜೊತೆ ಕಟ್ಟಿಸಿಕೊಂಡವನ ಗತಿ ಏನಪ್ಪಾ ಎಂದು ಮರುಗಿದಳಂತೆ. ಅಷ್ಟು ಮುಂಗೋಪಿ. ಅದೇ ಬೇರ್ಡ್ 1799ರ ಮೇ 4ರಂದು ಕಾವೇರಿ ದಾಟಿ ಒಡೆದ ಗೋಡೆ ಹತ್ತಿದ ಪಡೆಯ ಮುಂದಾಳು. ಹೊಳೆಯಲ್ಲಿ ನೀರು ಕಡಿಮೆ ಇದ್ದ ಬೇಸಿಗೆ, ಮಧ್ಯಾಹ್ನ 1ರ ಸುಮಾರು. ತೋಪಿನ ಸದ್ದು ಇನ್ನೂ ಕಿವಿಯಲ್ಲಿದ್ದಾಗ ಇದು ನೆನಪಾಗಿ ಮೈ ಜುಮ್ಮೆಂದಿತು. ಆ ರಾತ್ರಿ ದೀಪ ಹಿಡಿದು ಹೆಣಗಳ ನಡುವೆ ಟಿಪ್ಪುವನ್ನು ಹುಡುಕಿದ ದೃಶ್ಯವನ್ನು ಡೇವಿಡ್ ವಿಲ್ಕಿ ಎಂಬ ಸ್ಕಾಟಿಷ್ ಕಲಾವಿದ 1839ರಲ್ಲಿ ದೊಡ್ಡ ತೈಲಚಿತ್ರವಾಗಿ ಬರೆದು ಮುಗಿಸಿದ. ಬರೆಸಿದವಳು ಬೇರ್ಡ್‌ನ ವಿಧವೆ. ಅದೇ ಜಾಗಕ್ಕೆ ಅಪ್ಪ ದಿನಕ್ಕೊಂದು ಸಲ ಕಾರು ನಿಲ್ಲಿಸಿ ‘ಐದು ನಿಮಿಷ ಸಾರ್’ ಎನ್ನುತ್ತಾರೆ.

ಅಲ್ಲಿಂದ ವೇಲ್ಸ್. ನಮ್ಮ ಪಟ್ಟಿಯಲ್ಲಿ ಮೊದಲು ಇದ್ದದ್ದು ಸಮುದ್ರದಂಡೆಯ ಹೆಸರುವಾಸಿ ಕೋಟೆಗಳು. ಎಡಿನ್‌ಬರಾದಿಂದ ಮರಳಿದ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ‘ಎಲ್ಲಾ ಲಂಡನ್‌ಗೆ ಹೋಯ್ತು’ ಎಂಬುದರ ಬೆನ್ನು ಹತ್ತಿದೆವು. ಎಲ್ಲಾ ಲಂಡನ್‌ಗೆ ಹೋಗಿರಲಿಲ್ಲ. ಒಂದಷ್ಟು ವೇಲ್ಸ್‌ನ ವೆಲ್ಷ್‌ಪೂಲ್ ಎಂಬ ಸಣ್ಣ ಊರಿನ ಪೊವಿಸ್ ಕೋಟೆಗೆ ಹೋಗಿತ್ತು. ಸಮುದ್ರದಂಡೆಯನ್ನು ಪಟ್ಟಿಯಿಂದ ಕೈಬಿಟ್ಟೆವು.

ದಾರಿಯಲ್ಲಿ ಶ್ರೂಸ್‌ಬರಿಯಲ್ಲಿ ರೈಲು ಬದಲಿಸಬೇಕು. ಊರಿನ ಚೌಕದಲ್ಲಿ ರಾಬರ್ಟ್ ಕ್ಲೈವ್‌ನ ಪ್ರತಿಮೆ ಇದೆ, ಪ್ಲಾಸಿ ಕದನದ ಅದೇ ಕ್ಲೈವ್. 2020ರಲ್ಲಿ ಅದನ್ನು ತೆಗೆಯಬೇಕೆಂದು ಸಾವಿರಾರು ಜನ ಸಹಿ ಹಾಕಿದ್ದರು, ಕೌನ್ಸಿಲ್ ಇರಲಿ ಎಂದಿತು. ಪಕ್ಕದ ಬೆಂಚಿನಲ್ಲಿ ಕೂತು ಚಪಾತಿ ತಿಂದೆವು.

ಕ್ಲೈವ್‌ನ ಮಗ ಎಡ್ವರ್ಡ್ 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್. ಅಂದರೆ ಪಟ್ಣ ಬಿದ್ದಾಗ ಕುರ್ಚಿಯಲ್ಲಿದ್ದವನು. ಅವನ ಹೆಂಡತಿ ಹೆನ್ರಿಯೆಟ್ಟಾ ಪೊವಿಸ್ ಕೋಟೆಯ ಹರ್ಬರ್ಟ್ ಮನೆತನದ ಮಗಳು. ಕೋಟೆ ದೊಡ್ಡದು, ಹಣ ಇಲ್ಲ. ಕ್ಲೈವ್‌ಗಳ ಹತ್ತಿರ ಹಣ ಇತ್ತು, ಹಳೆಯ ಮನೆತನದ ಹೆಸರಿರಲಿಲ್ಲ. ನಮ್ಮಲ್ಲೂ ಇಂಥ ಸಂಬಂಧಗಳು ಕುದುರುತ್ತವಲ್ಲ, ಹಾಗೆ 1784ರಲ್ಲಿ ಮದುವೆಯಾಯಿತು. ಆಕೆ 1800ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ ಎಂದು ತಿಂಗಳುಗಟ್ಟಲೆ ಸುತ್ತಿದಳು. ಯುದ್ಧ ಮುಗಿದು ಒಂದು ವರ್ಷ ಆಗಿತ್ತಷ್ಟೆ. ದಿನಚರಿ ಬರೆದ ಚಿಕ್ಕ ಮಗಳು ಚಾರ್ಲೊಟ್ ಮುಂದೆ ವಿಕ್ಟೋರಿಯಾ ರಾಣಿಯಾಗುವ ಮೊದಲು ಆಕೆಯ ಶಿಕ್ಷಣ ನೋಡಿಕೊಳ್ಳುವ ಗವರ್ನೆಸ್ ಆದಳು. ಹನ್ನೆರಡು–ಹದಿಮೂರು ವರ್ಷದ ಹುಡುಗಿ ನಮ್ಮೂರ ಕಡೆ ಪ್ರವಾಸ ಬಂದು ಡೈರಿ ಬರೆದಳು, ನಾನು ಇಪ್ಪತ್ತೆರಡನೇ ವಯಸ್ಸಿಗೆ ಅವಳ ಮನೆ ನೋಡಲು ಟಿಕೆಟ್ ತೆಗೆದುಕೊಂಡೆ.

ವೆಲ್ಷ್‌ಪೂಲ್ ನಿಲ್ದಾಣದಿಂದ ನಡೆದೇ ಹೋಗಬಹುದು. ಜಿಂಕೆಗಳಿರುವ ಹುಲ್ಲುಗಾವಲು ದಾಟಿದರೆ ಗುಡ್ಡದ ಮೇಲೆ ಕೆಂಪು ಕಲ್ಲಿನ ಕೋಟೆ. 13ನೇ ಶತಮಾನದಲ್ಲಿ ವೇಲ್ಸ್‌ನ ರಾಜಕುಮಾರನೊಬ್ಬ ಕಟ್ಟಿಸಿದ್ದು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಮೋಡದ ಆಕಾರಕ್ಕೆ ಕತ್ತರಿಸಿದ ದೈತ್ಯ ಯೂ ಮರಗಳು. ಸುಂದರವಾಗಿದೆ. ಸುಳ್ಳು ಹೇಳಲಾರೆ, ತುಂಬಾ ಸುಂದರವಾಗಿದೆ. 1952ರಿಂದ ನ್ಯಾಷನಲ್ ಟ್ರಸ್ಟ್ ಇದನ್ನು ನೋಡಿಕೊಳ್ಳುತ್ತಿದೆ. ಪ್ರತಿ ಕೋಣೆಯಲ್ಲೂ ಒಬ್ಬ ಹಿರಿಯ ಸ್ವಯಂಸೇವಕರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಕೇಳಿದರೆ ಸಾಕು, ಕಥೆ ಶುರು.

ಕ್ಲೈವ್ ಮ್ಯೂಸಿಯಂ ಎಂಬ ಕೋಣೆಗೆ ಕಾಲಿಟ್ಟಾಗ ಹೊರಗಿನ ಬೆಳಕಿನಿಂದ ಕಣ್ಣು ಕತ್ತಲಾಯಿತು. ಹಳೆಯ ಬಟ್ಟೆ ಮಾಸದಿರಲಿ ಎಂದು ದೀಪ ಮಂದವಾಗಿಟ್ಟಿರುತ್ತಾರೆ. ಕಣ್ಣು ಹೊಂದಿಕೊಂಡಾಗ ಎದುರಿಗೆ ಗಾಜಿನ ಹಿಂದೆ ಟಿಪ್ಪುವಿನ ಡೇರೆ. ಬಿಳಿ ಹತ್ತಿ ಬಟ್ಟೆ, ಅದರ ಮೇಲೆ ಕಮಾನು ಕಮಾನಿನೊಳಗೆ ಹೂದಾನಿ, ಹೂದಾನಿಯಿಂದ ಎರಡೂ ಕಡೆ ಬಾಗಿದ ಹೂಗಳು, ಕೆಂಪು, ಹಸಿರು. ದರಿಯಾ ದೌಲತ್‌ನ ಒಳಗೋಡೆಯ ಹೂಬಳ್ಳಿ ನೋಡಿದವರಿಗೆ ಇದು ಅಪರಿಚಿತ ಅಲ್ಲವೇ ಅಲ್ಲ. ಯುದ್ಧಕ್ಕೆ ಹೋಗುವವನ ಡೇರೆಯೊಳಗೆ ಇಷ್ಟೊಂದು ಹೂವು! ಈ ಕೋಟೆಯವರು ಇದನ್ನು ಎಷ್ಟೋ ಕಾಲ ತೋಟದ ಪಾರ್ಟಿಗಳಿಗೆ ಶಾಮಿಯಾನವಾಗಿ ಕಟ್ಟಿದ್ದರಂತೆ. ಕೆಳಗೆ ಕೂತವರು ಟೀ ಕುಡಿಯುತ್ತಾ ತಲೆ ಎತ್ತಿ ಆ ಹೂವುಗಳನ್ನು ನೋಡಿರಬಹುದು.

ಅಲ್ಲೇ ಇನ್ನೊಂದು ಪೆಟ್ಟಿಗೆಯಲ್ಲಿ ಅಂಗೈಯಷ್ಟು ದೊಡ್ಡ ಚಿನ್ನದ ಹುಲಿ ತಲೆ, ಕೆಂಪು, ಹಸಿರು ಹರಳುಗಳು ಕೂರಿಸಿದ್ದು. ಟಿಪ್ಪುವಿನ ಸಿಂಹಾಸನದ ಕಟಕಟೆಯ ಮೇಲಿದ್ದ ಪುಟ್ಟ ಹುಲಿಗಳಲ್ಲಿ ಒಂದು. ಗೆದ್ದ ಸೈನ್ಯದಲ್ಲಿ ಪಾಲು ಹಂಚಲೆಂದೇ ‘ಪ್ರೈಜ್ ಏಜೆಂಟ್’ಗಳು ಎಂಬ ಅಧಿಕಾರಿಗಳಿದ್ದರು. ಅವರು ಸಿಂಹಾಸನವನ್ನು ತುಂಡು ತುಂಡು ಮಾಡಿಸಿದರು. ಚಿನ್ನ ಹಾಳೆ ಹಾಳೆಯಾಗಿ ಹೋಯಿತು, ಹುಲಿಗಳು ಒಂದೊಂದು ಮನೆ ಸೇರಿದವು. ಅವುಗಳಲ್ಲಿ ಒಂದನ್ನು ದೇಶದಿಂದ ಹೊರಗೆ ಮಾರದಂತೆ 2021ರಲ್ಲಿ ಬ್ರಿಟನ್ ಸರ್ಕಾರವೇ ತಾತ್ಕಾಲಿಕ ತಡೆ ಹಾಕಿತ್ತು, ಬೆಲೆ 15 ಲಕ್ಷ ಪೌಂಡ್. ಬ್ರಿಟನ್ನಿನ ಪರಂಪರೆಗೆ ಮುಖ್ಯವಾದ ವಸ್ತು ಹೊರಗೆ ಹೋಗಬಾರದಂತೆ! ಇದನ್ನು ಓದಿ ನಾವಿಬ್ಬರೂ ನಕ್ಕದ್ದು ಜೋರಾಯಿತು, ಕುರ್ಚಿಯಲ್ಲಿದ್ದ ಅಜ್ಜಿ ತಿರುಗಿ ನೋಡಿದರು.

ಆ ಅಜ್ಜಿ ಎದ್ದು ಬಂದು ಎಲ್ಲಿಯವರು ಎಂದು ಕೇಳಿದರು. ಮೈಸೂರು ಎಂದೆ. ಡೇರೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ‘ಹಾಗಾದರೆ ಇದರ ಬಗ್ಗೆ ನೀವೇ ನನಗೆ ಹೇಳಬೇಕು’ ಎಂದರು. ಅಪ್ಪನ ವಿವರಣೆಯನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಒಡೆದ ಗೋಡೆ, ಅಲ್ಲಿ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಕಂಬ, ಹೆಣ ಸಿಕ್ಕ ಜಾಗ, ತಂದೆ ಹೈದರ್‌ಗಾಗಿ ಟಿಪ್ಪು ಕಟ್ಟಿಸಿ ಕೊನೆಗೆ ತಾನೂ ಮಲಗಿದ ಗುಂಬಜ್. ಲೂಟಿ ಎಂಬ ಪದವೇ ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದದ್ದು ಎಂದಾಗ ಅವರಿಗೆ ಅದು ಗೊತ್ತಿತ್ತು. ಕೋಟೆಯ ಒಳಗಿಂದಲೇ ರೈಲು ಹೋಗುತ್ತದೆ, ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪುವಿನ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ ಇಡಿಯಾಗಿ ಎತ್ತಿ 130 ಮೀಟರ್ ಆಚೆ ಸರಿಸಿದರು, ತೂಕ ಸುಮಾರು 1000 ಟನ್ ಎಂದಾಗ ಮಾತ್ರ ಅವರ ಬಾಯಿ ತೆರೆದೇ ಇತ್ತು. ನನಗಂತೂ ಬಹಳ ಹೆಮ್ಮೆಯಾಯಿತು.

ಆಗ ನನ್ನ ಗೆಳತಿ, ಅದುವರೆಗೆ ಸುಮ್ಮನಿದ್ದವಳು, ‘ಮೈಸೂರಿನ ಕಥೆ ಅಷ್ಟೇ. ನಮ್ಮನೆ ಕಥೆ ಬೇರೆ’ ಎಂದಳು.

ಅವಳ ಅಜ್ಜನ ಮನೆಯಲ್ಲಿ ಟಿಪ್ಪುವಿನ ಹೆಸರು ಎತ್ತಿದರೆ ಹುಲಿ, ಹೂವಿನ ಡೇರೆ ನೆನಪಾಗುವುದಿಲ್ಲ, 1780ರ ದಶಕದಲ್ಲಿ ಕೊಡಗಿನಿಂದ ಸೆರೆ ಹಿಡಿದು ಪಟ್ಣಕ್ಕೆ ಸಾಗಿಸಿದವರ ನೆನಪು. ಮಡಿಕೇರಿ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನೂ ಅವನೇ. ಅವಳು ಅದೇ ಕೋಟೆಯ ಕಲ್ಲಾನೆಗಳ ಮೇಲೆ ಹತ್ತಿ ಆಡಿದವಳು. ಆದರೆ ಇವತ್ತಿಗೂ ಶ್ರೀರಂಗಪಟ್ಟಣ ನೋಡಿಲ್ಲ. ಮೈಸೂರಿಗೆ ಎಷ್ಟು ಸಲ ಬಂದರೂ ಅವಳ ಮನೆಯವರು ಪಟ್ಣದಲ್ಲಿ ಕಾರು ನಿಲ್ಲಿಸುವುದಿಲ್ಲ.

ಅಲ್ಲಿಂದ ತೋಟದ ಬೆಂಚಿಗೆ ಬಂದು ಕೂತು ಎರಡು ಗಂಟೆ ವಾದ ಮಾಡಿದೆವು. ನಮ್ಮಲ್ಲಿ ಈ ವಿಷಯ ಎತ್ತಿದರೆ ಫೇಸ್‌ಬುಕ್ಕಿನಲ್ಲಿ ಏನಾಗುತ್ತದೆ ಎಂದು ನಿಮಗೇ ಗೊತ್ತು. ಬೆಂಚಿನ ಮೇಲೆ ಹಾಗಾಗಲಿಲ್ಲ, ರಾತ್ರಿ ಒಂದೇ ಕೋಣೆಯಲ್ಲಿ ಮಲಗಬೇಕಿತ್ತಲ್ಲ! ಅವಳು ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ‘ಆ ದಿನ ಪಟ್ಣ ಬೀಳದೇ ಇದ್ದಿದ್ದರೆ ನಿಮ್ಮ ಮೈಸೂರು ಇವತ್ತಿನ ಮೈಸೂರು ಆಗ್ತಿತ್ತಾ?’ ನಿಜ. ಟಿಪ್ಪು ಹಳೆಯ ಮೈಸೂರಿನ ಕೋಟೆಯನ್ನು ಕೆಡವಿಸಿ ಆ ಕಲ್ಲಿನಲ್ಲಿ ನಜರ್‌ಬಾದ್ ಕಟ್ಟಲು ಹೊರಟಿದ್ದ. ಪಟ್ಣ ಬಿದ್ದು ಎರಡು ತಿಂಗಳೂ ಆಗುವ ಮೊದಲು, 1799ರ ಜೂನ್ 30ರಂದು, ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಇಂಗ್ಲಿಷರು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಿದರು. ರಾಜಧಾನಿ ಮೈಸೂರಿಗೆ ಬಂತು. ಗ್ಲಾಸ್ಗೋಗೆ ಕಂಬದ ಆರ್ಡರ್ ಕೊಡುವಷ್ಟು ದೊಡ್ಡ ಊರಾಗಲು ದಾರಿಯಾದದ್ದು ಅದೇ ಮೇ 4. ನನ್ನ ಊರಿನ ಬೆಳಕೂ ಪಟ್ಣದ ಕತ್ತಲೆಯೂ ಒಂದೇ ದಿನದ ಲೆಕ್ಕ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಸಂಜೆ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಊರಲ್ಲಿ ರಾತ್ರಿ ಹತ್ತು ಗಂಟೆ. ಮೊಬೈಲಿನಲ್ಲಿ ತೆಗೆದಿದ್ದ ಡೇರೆಯ ಮಸುಕು ಫೋಟೊ ಕಳಿಸಿದೆ. ದೊಡ್ಡದು ಮಾಡಿ ಮಾಡಿ ನೋಡಿದರು. ‘ಮಳೆ ಊರು ಅಂತೀಯ, ನೆನೆಯದಂಗೆ ಇಟ್ಟವ್ರಾ ಮಗಾ?’ ಎಂದು ಕೇಳಿದರು ಮೊದಲು. ಆಮೇಲೆ, ‘ವಾಪಸ್ ಕೊಡಲ್ವಂತಾ?’ ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ‘ಕೊಟ್ರೆ ಎಲ್ಲಿಡ್ತಾರೆ ಅದೂ ಕೇಳು’ ಎಂದರು. ಇಪ್ಪತ್ತೈದು ವರ್ಷ ಪಟ್ಣದ ಬಿಸಿಲು, ಬಾವಲಿ, ಗೋಡೆಯ ಮೇಲೆ ಕೆತ್ತಿದ ಪ್ರೇಮಿಗಳ ಹೆಸರು ನೋಡಿದವರ ಪ್ರಶ್ನೆ ಅದು.

ವಾಪಸ್ ಕೊಡುವುದು ಕೇಳಿದಷ್ಟು ಹುಚ್ಚು ಮಾತಲ್ಲ. ನಾನು ಗ್ಲಾಸ್ಗೋ ಮುಟ್ಟುವ ಹಿಂದಿನ ತಿಂಗಳು, 2022ರ ಆಗಸ್ಟ್‌ನಲ್ಲಿ, ಅಲ್ಲಿನ ಕೆಲ್ವಿನ್‌ಗ್ರೋವ್ ಮ್ಯೂಸಿಯಂನಲ್ಲಿ ಭಾರತಕ್ಕೆ ಏಳು ವಸ್ತುಗಳನ್ನು ಮರಳಿಸುವ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಆರು ದೇವಸ್ಥಾನ, ಗುಡಿಗಳಿಂದ ಹೋದವು, ಒಂದು ಹೈದರಾಬಾದ್ ನಿಜಾಮರ ಸಂಗ್ರಹದ ಖಡ್ಗ. ಬ್ರಿಟನ್ನಿನ ಮ್ಯೂಸಿಯಂ ಸಂಸ್ಥೆಯೊಂದು ಭಾರತಕ್ಕೆ ಹೀಗೆ ಮರಳಿಸಲು ಒಪ್ಪಿದ್ದು ಅದೇ ಮೊದಲು. ನ್ಯಾಷನಲ್ ಟ್ರಸ್ಟ್ ಕೂಡ 2020ರಲ್ಲಿ ತನ್ನ ಯಾವ ಯಾವ ಮನೆ, ಕೋಟೆಗಳಿಗೆ ವಸಾಹತು ಮತ್ತು ಗುಲಾಮಗಿರಿಯ ಹಣದ ನಂಟಿದೆ ಎಂದು ತಾನೇ ಪಟ್ಟಿ ಮಾಡಿ ಪ್ರಕಟಿಸಿತು, 93 ಜಾಗಗಳು. ಪಟ್ಟಿ ಮಾಡುವುದಕ್ಕೂ ಕೊಡುವುದಕ್ಕೂ ದೂರ ಬಹಳ, ಅದು ಬೇರೆ ಮಾತು.

ಲಂಡನ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬೇಗ ಮುಗಿಸುತ್ತೇನೆ. ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕಂಡಾಗ ‘ಲಲಿತಮಹಲ್!’ ಎಂದು ಕೂಗಿದೆ. ವಿಂಡ್ಸರ್ ಕೋಟೆಯ ಟಿಕೆಟ್ ನಮ್ಮ ಒಂದು ವಾರದ ದಿನಸಿ ಹಣ, ಆದರೂ ಹೋದೆವು. ಸಿಂಹಾಸನದ ಬುಡದ ದೊಡ್ಡ ಹುಲಿ ತಲೆ, ಸ್ಫಟಿಕದ ಹಲ್ಲುಗಳ ಸಮೇತ, ಅಲ್ಲಿದೆ. ಮೇಲಿದ್ದ ಹುಮಾ ಹಕ್ಕಿಯೂ ಇಂಗ್ಲೆಂಡಿನ ಅರಸರ ಸಂಗ್ರಹದಲ್ಲೇ ಇದೆ. ಅಂದರೆ ತಲೆ ವಿಂಡ್ಸರ್‌ನಲ್ಲಿ, ಮರಿ ತಲೆ ವೇಲ್ಸ್‌ನಲ್ಲಿ, ಸಿಂಹಾಸನ ಎಲ್ಲೂ ಇಲ್ಲ.

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಇಂಗ್ಲಿಷ್ ಸೈನಿಕನ ಮೇಲೆ ಕೂತ ಮರದ ಹುಲಿ ನಮ್ಮ ಪಠ್ಯಪುಸ್ತಕದ ಚಿತ್ರಕ್ಕಿಂತ ದೊಡ್ಡದು, ಉದ್ದ 178 ಸೆಂ.ಮೀ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತಿತ್ತು, ಸೈನಿಕನ ಕೈ ಏಳುತ್ತಿತ್ತು. ಹುಲಿಯ ಹೊಟ್ಟೆಯೊಳಗೆ ಆರ್ಗನ್ ಇದೆ. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಬಂದವರೆಲ್ಲ ತಿರುಗಿಸಿ ತಿರುಗಿಸಿ ಕೊನೆಗೆ ಹಿಡಿಯೇ ಕಳೆದುಹೋಗಿತ್ತಂತೆ. ಎರಡನೇ ಮಹಾಯುದ್ಧದಲ್ಲಿ ಚಾವಣಿ ಕುಸಿದು ಚೂರಾದದ್ದನ್ನು ಮತ್ತೆ ಜೋಡಿಸಿದ್ದಾರೆ. ನಾವು ಹೋದಾಗ ಶಾಲಾ ಮಕ್ಕಳ ಗುಂಪೊಂದು ಎದುರು ಕೂತು ಚಿತ್ರ ಬಿಡಿಸುತ್ತಿತ್ತು. ಗೆಳತಿ ಅಲ್ಲಿ ತುಂಬಾ ಹೊತ್ತು ನಿಂತಳು. ‘ಇದನ್ನ ಮಾತ್ರ ಅಜ್ಜನಿಗೆ ತೋರಿಸಬೇಕಿತ್ತು, ನಗ್ತಿದ್ರು’ ಎಂದಳು.

ಅದಾದ ಮುಂದಿನ ತಿಂಗಳೇ, ಮೇ 23ರಂದು, ಬೇರ್ಡ್‌ಗೆ ಕೊಟ್ಟಿದ್ದ ಟಿಪ್ಪುವಿನ ಖಡ್ಗ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಹೆಚ್ಚು. ಸುದ್ದಿ ಓದಿದ ಅಪ್ಪ ಫೋನಿನಲ್ಲಿ, ‘ಬೇರ್ಡ್ ಅಂದ್ರೆ ಆ ಸರಪಳಿಯವನಾ?’ ಎಂದರು. ಅಷ್ಟರಲ್ಲಿ ಅವರ ವಿವರಣೆಗೆ ಹೊಸ ಅಧ್ಯಾಯ ಸೇರಿತ್ತು.

ಊರಿಗೆ ಮರಳಿ ಕೆಲಸ ಹುಡುಕುತ್ತಿದ್ದ ತಿಂಗಳುಗಳಲ್ಲಿ ಕೆಲವು ಭಾನುವಾರ ಮತ್ತೆ ಮುಂದಿನ ಸೀಟಿನಲ್ಲಿ ಕೂತು ಹೋದೆ. ಕಣ್ಣು ಬದಲಾಗಿತ್ತು. ಪಟ್ಣದಲ್ಲಿ ಪ್ರತಿ ಗೋಡೆಯ ಮುಂದೆ ಪುರಾತತ್ವ ಇಲಾಖೆಯ ನೀಲಿ ಫಲಕ ಇದೆ. ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಕಾನೂನು ಅಚ್ಚುಕಟ್ಟಾಗಿದೆ. ಕಥೆ ಹೇಳುವ ಸಾಲುಗಳು ಕಡಿಮೆ. ಇಲ್ಲಿಂದ ಹೋದ ಡೇರೆ ಇಂಥ ಊರಿನಲ್ಲಿದೆ, ಇಂಥ ಹುಲಿ ಇಂಥ ಕೋಟೆಯಲ್ಲಿದೆ ಎಂದು ಒಂದು ಫೋಟೊ ಹಾಕಲು ಯಾರ ಅನುಮತಿಯೂ ಬೇಡ, ವಸ್ತು ವಾಪಸ್ ಬರುವವರೆಗೆ ಕಾಯುವುದೂ ಬೇಡ. ಕೊಡಗಿನವರ, ಮಂಗಳೂರಿನ ಕ್ರೈಸ್ತರ, ಮೇಲುಕೋಟೆಯವರ ನೆನಪಿಗೂ ಅದೇ ಫಲಕದಲ್ಲಿ ನಾಲ್ಕು ಸಾಲು ಜಾಗ ಮಾಡಬಹುದು. ಅಷ್ಟಾದರೂ ಜನ ‘ಐದು ನಿಮಿಷ ಸಾರ್’ ಬದಲು ಹದಿನೈದು ನಿಮಿಷ ನಿಲ್ಲುತ್ತಾರೆ ಎಂಬುದು ನನ್ನ ಅಂದಾಜು.

ಸದ್ಯಕ್ಕೆ ಅಪ್ಪನ ಕಾರಿನಲ್ಲಿ ಒಂದು ಫೈಲ್ ಇದೆ. ಎ4 ಹಾಳೆಯಲ್ಲಿ ಏಳು ಚಿತ್ರ, ಲ್ಯಾಮಿನೇಷನ್ ಮಾಡಿಸಿದ್ದು, ಪ್ರತಿಯೊಂದರ ಹಿಂದೆ ನಾನು ಕನ್ನಡದಲ್ಲಿ ಬರೆದ ಹತ್ತು ಸಾಲು. ಹಾಸನದಿಂದ ಬಂದಿದ್ದ ಒಂದು ಕುಟುಂಬ ಡೇರೆಯ ಚಿತ್ರವನ್ನು ಕೈಗೆ ತೆಗೆದುಕೊಂಡು ಗುಂಬಜ್‌ವರೆಗೂ ಬಿಡಲಿಲ್ಲವಂತೆ. ಏಳನೆಯ ಹಾಳೆ ಮಡಿಕೇರಿ ಕೋಟೆಯದ್ದು. ಅದರ ಹಿಂದಿನ ಸಾಲುಗಳನ್ನು ಬರೆದದ್ದು ನನ್ನ ಗೆಳತಿ, ಒಂದು ಪದವನ್ನೂ ನಾನು ತಿದ್ದಿಲ್ಲ. ಈ ಡಿಸೆಂಬರ್‌ನಲ್ಲಿ ಅವಳು ಅಮ್ಮನನ್ನು ಕರೆದುಕೊಂಡು ಮೈಸೂರಿಗೆ ಬರುತ್ತಿದ್ದಾಳೆ. ಪಟ್ಣದಲ್ಲಿ ಇಳಿಯುತ್ತಾರೋ ಇಲ್ಲವೋ ಅಮ್ಮನೇ ಹೇಳಬೇಕಂತೆ. ಇಳಿಯುವುದಾದರೆ ಕಾರು ಅಪ್ಪನದೇ.